ಮುಗಿದ ಕೈ ಮತ್ತು ಚಾಚಿದ ಕೈ

೧

ಈ ಭಾಗದ ಒಂದು ಕಾಲೇಜಿಗೆ ಉಪನ್ಯಾಸಕನಾಗಿ ಸೇರಿದ ದಿನ ಸ್ಟಾಫ್ ರೂಮಿನಲ್ಲಿ ಹಿರಿಯರೊಬ್ಬರಿಗೆ ಕೈ ಚಾಚಿದೆ. ಅವರು ಮೊದಲು ಹೆಸರು ಕೇಳಿದರು. ಹೇಳಿದೆ. ಊರು ಕೇಳಿದರು. ದೇವದುರ್ಗ ತಾಲ್ಲೂಕು ಅಂದೆ. 'ಯಾರ ಪೈಕಿ ರೀ ನೀವು?' ಅಂದರು. ಅದನ್ನೂ ಹೇಳಿದೆ. ಅವರು ಎರಡೂ ಕೈ ಜೋಡಿಸಿ, 'ನಮಸ್ಕಾರ್ರೀ, ಬಾಳ ಸಂತೋಷ ಆತು' ಎಂದರು. ಮುಖದಲ್ಲಿ ನಗು ಇತ್ತು. ನನ್ನ ಕೈ ಗಾಳಿಯಲ್ಲಿತ್ತು. ಅದನ್ನು ಹಿಂದಕ್ಕೆ ತರುವಾಗ ಅಂಗಿಯ ಗುಂಡಿ ಸರಿಮಾಡಿಕೊಳ್ಳುವವನ ಹಾಗೆ ನಟಿಸಿದೆ. ಸ್ವಲ್ಪ ಹೊತ್ತಿಗೆ ನನ್ನ ಹಾಗೆಯೇ ಹೊಸದಾಗಿ ಬಂದ ಇನ್ನೊಬ್ಬರು ಒಳಗೆ ಬಂದರು. ಅವರ ಕೈಯನ್ನು ಇದೇ ಹಿರಿಯರು ಹಿಡಿದು, ಅಲುಗಾಡಿಸಿ, ಬಿಡದೆ ಎರಡು ನಿಮಿಷ ಮಾತಾಡಿದರು.

ಇದನ್ನು ಅವಮಾನ ಎಂದು ಯಾರ ಮುಂದೆ ಹೇಳುವುದು? ಸಂವಿಧಾನದ 17ನೇ ವಿಧಿ ಅಸ್ಪೃಶ್ಯತೆಯನ್ನು ರದ್ದು ಮಾಡಿದೆ. 1955ರ ಕಾಯ್ದೆ ಇದೆ, 1989ರ ದೌರ್ಜನ್ಯ ತಡೆ ಕಾಯ್ದೆ ಇದೆ. ಕೈ ಮುಗಿದವನ ಮೇಲೆ ಕೇಸು ಹಾಕುವುದಕ್ಕೆ ಯಾವ ಕಲಮೂ ಇಲ್ಲ. ಅವರು ನನ್ನನ್ನು ಗೌರವಿಸಿದ್ದಾರೆ. ನಮ್ಮಪ್ಪ ಜೀವಮಾನವಿಡೀ ಯಾರಿಗೆ ಕೈ ಮುಗಿದು ನಿಂತನೋ ಆ ಪೈಕಿಯವರೊಬ್ಬರು ಅವನ ಮಗನಿಗೆ ಕೈ ಮುಗಿದಿದ್ದಾರೆ. 'ಇನ್ನೇನ್ ಬೇಕೋ ಮಗನ ನಿನಗ?' ಎಂದು ಗೆಳೆಯನೊಬ್ಬ ಕೇಳಿದ. ಅವನ ಪ್ರಶ್ನೆಗೆ ಉತ್ತರ ಹುಡುಕುತ್ತ ಈ ಟಿಪ್ಪಣಿ ಬೆಳೆದಿದೆ. ದಲಿತ ವಿಮರ್ಶೆ ಬಹಳ ಕಾಲ ಹಸಿವು, ಭೂಮಿ, ಭಾಷೆ, ಸಿಟ್ಟು ಇವುಗಳ ಬಗ್ಗೆ ಮಾತಾಡಿದೆ, ಮಾತಾಡಬೇಕಾದ್ದೇ. ಆದರೆ ದಿನಕ್ಕೆ ಹತ್ತು ಸಲ ನಡೆಯುವ, ಒಂದು ಗಳಿಗೆಯಲ್ಲಿ ಮುಗಿದುಹೋಗುವ ಹಾವಭಾವಗಳನ್ನು ನಾವು ಪಠ್ಯದ ಹಾಗೆ ಓದಿದ್ದು ಕಡಿಮೆ ಎಂದು ನನಗನ್ನಿಸುತ್ತದೆ.

೨

ಮೊದಲು ಮಾತುಗಳನ್ನೇ ನೋಡೋಣ. ಶೇಕ್‌ಹ್ಯಾಂಡ್‌ಗೆ ನಮ್ಮ ಪತ್ರಿಕೆಗಳು ಬಳಸುವ ಪದ 'ಹಸ್ತಲಾಘವ'. ಸಂಸ್ಕೃತದಲ್ಲಿ ಇದರ ಅರ್ಥ ಕೈಚಳಕ, ಕೈಯ ಹಗುರತನ. ಎರಡು ಕೈಗಳು ಒಂದನ್ನೊಂದು ಹಿಡಿಯುವುದಕ್ಕೆ ಕೈಚಳಕದ ಪದವನ್ನು ತಂದು ಅಂಟಿಸಿದವರು ಯಾರೋ, ಅಂಟಿಸಿದ್ದಂತೂ ಚೆನ್ನಾಗಿ ಕೂತಿದೆ. 'ಕೈಕುಲುಕು' ಎಂಬುದು ಇಂಗ್ಲಿಷಿನ ನೇರ ಅನುವಾದ. ದೇವದುರ್ಗದ ಕಡೆ ಇವೆರಡನ್ನೂ ಆಡುಮಾತಿನಲ್ಲಿ ಯಾರೂ ಅನ್ನುವುದಿಲ್ಲ. 'ಕೈ ಕೊಟ್ಟ' ಅನ್ನುತ್ತಾರೆ. ಕೈ ಕೊಡುವುದು ಅಂದರೆ ಮೋಸ ಮಾಡುವುದೂ ಹೌದು. ಕೈ ಹಿಡಿಯುವುದು ಮದುವೆ, ಇಲ್ಲವೇ ಆಸರೆ. ಕೈ ಚಾಚುವುದು, ಕೈ ಒಡ್ಡುವುದು ಬೇಡುವುದಕ್ಕೆ. ಕೈ ಮುಗಿಯುವುದು ದೇವರಿಗೆ, ಧಣಿಗೆ, ಸಾಕಪ್ಪಾ ಸಾಕು ಅನ್ನುವುದಕ್ಕೆ. ಇಷ್ಟು ಬಗೆಯಲ್ಲಿ ಕೈಯನ್ನು ದುಡಿಸಿಕೊಂಡ ಭಾಷೆಯಲ್ಲಿ ಇಬ್ಬರು ಸರೀಕರು ಹಗಲು ಹೊತ್ತಿನಲ್ಲಿ ಎದುರುಬದುರು ನಿಂತು ಒಬ್ಬರ ಅಂಗೈಯನ್ನೊಬ್ಬರು ಮುಟ್ಟುವುದಕ್ಕೆ ತನ್ನದೇ ಆದ ಒಂದು ಹಳೆಯ ಮಾತಿಲ್ಲ. ಭಾಷೆಯಲ್ಲಿ ಮಾತಿಲ್ಲದಿರುವುದಕ್ಕೂ ಊರಿನಲ್ಲಿ ಆ ಕ್ರಿಯೆ ಇಲ್ಲದಿರುವುದಕ್ಕೂ ಸಂಬಂಧವಿದೆ.

ನಮ್ಮ ಕೇರಿಯ ಕೈಗೆ ಗೊತ್ತಿದ್ದ ಆಕಾರಗಳು ಬೇರೆ. ಹೆಗಲ ಮೇಲಿನ ಟವೆಲ್ಲನ್ನು ಸೊಂಟಕ್ಕಿಳಿಸಿ ಕಟ್ಟಿಕೊಂಡ ಕೈ. ಮೇಲಿಂದ ಹುಯ್ಯುವ ನೀರಿಗೆ ಬೊಗಸೆಯಾದ ಕೈ. ಹೋಟೆಲಿನ ಹೊರಗೆ ಬೇರೆ ಇಟ್ಟ ಕಪ್ಪನ್ನು ತಾನೇ ತೊಳೆದಿಡುವ ಕೈ. ದಸರಾದಲ್ಲಿ ನಮ್ಮ ಕಡೆ ಬನ್ನಿ ಕೊಡುತ್ತಾರೆ. 'ಬನ್ನಿ ತಗೊಂಡು ಬಂಗಾರದ್ಹಾಂಗ ಇರೂಣು' ಎಂದು ಎಲೆಯನ್ನು ಕೈಯಿಂದ ಕೈಗೆ ಕೊಟ್ಟು, ಹಿರಿಯರ ಕಾಲು ಮುಟ್ಟಿ, ಸರೀಕರು ಅಪ್ಪಿಕೊಳ್ಳುತ್ತಾರೆ. ಇಡೀ ವರ್ಷದಲ್ಲಿ ಊರಿಗೆ ಊರೇ ಒಬ್ಬರನ್ನೊಬ್ಬರು ಮುಟ್ಟುವ ಸಂಜೆ ಅದು. ನಾನು ಚಿಕ್ಕವನಿದ್ದಾಗ ಅಪ್ಪನ ಜೊತೆ ಗೌಡರ ಮನೆಗೆ ಹೋಗುತ್ತಿದ್ದೆ. ಅಪ್ಪ ಟವೆಲ್ ಒಡ್ಡುತ್ತಿದ್ದ. ಬನ್ನಿ ಎಲೆಗಳು ಮೇಲಿಂದ ಅದರೊಳಗೆ ಬೀಳುತ್ತಿದ್ದವು. ಬಂಗಾರ ಹೇಗೆ ಬಿದ್ದರೂ ಬಂಗಾರವೇ ಎಂದು ಅವನು ತಿಳಿದಿದ್ದ. ನನಗೆ ಎಲೆಗಿಂತ ಎಲೆಗೂ ಬಟ್ಟೆಗೂ ನಡುವಿನ ಆ ಒಂದು ಮೊಳದ ಜಾಗ ನೆನಪಿದೆ.

೩

ಇಲ್ಲಿ ಒಂದು ಆಕ್ಷೇಪ ಬರುತ್ತದೆ. ಶೇಕ್‌ಹ್ಯಾಂಡು ಇಂಗ್ಲಿಷರು ತಂದದ್ದು, ನಮಸ್ಕಾರ ನಮ್ಮ ನೆಲದ್ದು. ದಲಿತರು ಯಾಕೆ ವಸಾಹತುಶಾಹಿಯ ಹಾವಭಾವಕ್ಕೆ ಹಂಬಲಿಸಬೇಕು? ದೇಸಿಯ ಮಾತಾಡುವ ನಮ್ಮ ಅನೇಕ ಹಿರಿಯ ವಿಮರ್ಶಕರು ಬಾಬಾಸಾಹೇಬರ ಸೂಟಿನ ಬಗ್ಗೆಯೂ ಇದೇ ಧಾಟಿಯಲ್ಲಿ ಕೇಳಿದ್ದುಂಟು. ಈ ಪ್ರಶ್ನೆಯನ್ನು ತಳ್ಳಿಹಾಕದೆ ಎದುರಿಸಬೇಕು.

ಕೈ ಹಿಡಿಯುವುದು ಇಂಗ್ಲಿಷರ ಸ್ವತ್ತಲ್ಲ. ಕ್ರಿಸ್ತಪೂರ್ವ ಒಂಬತ್ತನೇ ಶತಮಾನದ ಅಸ್ಸೀರಿಯಾದ ಕಲ್ಲಿನ ಉಬ್ಬುಚಿತ್ರವೊಂದರಲ್ಲಿ ಮೂರನೆಯ ಶಾಲ್ಮನೇಸರ್ ಬ್ಯಾಬಿಲೋನಿನ ಅರಸನ ಕೈ ಹಿಡಿದು ನಿಂತಿದ್ದಾನೆ. ಗ್ರೀಕರ ಗೋರಿಕಲ್ಲುಗಳ ಮೇಲೆ ಸತ್ತವರು ಬದುಕಿರುವವರ ಕೈ ಹಿಡಿದಿದ್ದಾರೆ. ಇಂಗ್ಲೆಂಡಿನಲ್ಲಿಯೂ ಇದು ದಿನಬಳಕೆಯ ವಂದನೆಯಾದದ್ದರ ಹಿಂದೆ ಹದಿನೇಳನೇ ಶತಮಾನದ ಕ್ವೇಕರರ ಪಾಲಿದೆ. ದೊಡ್ಡವರ ಮುಂದೆ ಟೋಪಿ ತೆಗೆಯುವುದಿಲ್ಲ, ಬಾಗುವುದಿಲ್ಲ ಎಂದು ಹಟ ಹಿಡಿದು ಜೈಲಿಗೆ ಹೋದ ಜನ ಅವರು. ಬಾಗುವುದರ ಬದಲು ಎಲ್ಲರಿಗೂ ಒಂದೇ ಬಗೆಯಲ್ಲಿ ಕೈ ಕೊಟ್ಟರು. ಅಂದರೆ ಅದು ಹುಟ್ಟಿದ ಕಡೆಯಲ್ಲೇ ಬಂಡಾಯದ ವಂದನೆಯಾಗಿತ್ತು. ಸಾಹೇಬರ ಶಿಷ್ಟಾಚಾರವಾದದ್ದು ಆಮೇಲೆ.

ಇನ್ನು ನಮ್ಮ ರಾಯಚೂರಿನ ಮಾತು. 1948ರವರೆಗೆ ನಿಜಾಮರ ಆಳ್ವಿಕೆಯಲ್ಲಿದ್ದ ಸೀಮೆ ಇದು. ಇಲ್ಲಿಯ ಮುಸ್ಲಿಮರು ಎರಡೂ ಕೈಗಳಿಂದ ಎದುರಿನವನ ಕೈ ಹಿಡಿಯುವ ಮುಸಾಫಾ ಮಾಡುತ್ತಾರೆ, ಈದ್ ದಿನ ಎದೆಗೆ ಎದೆ ಹಚ್ಚಿ ಅಪ್ಪಿಕೊಳ್ಳುತ್ತಾರೆ. ರಾಯಚೂರಿನ ಬಜಾರಿನಲ್ಲಿ ದಲಿತನೊಬ್ಬನ ಕೈಯನ್ನು ಸರೀಕನಂತೆ ಮೊದಲು ಹಿಡಿದದ್ದು ಇಂಗ್ಲಿಷ್ ಸಾಹೇಬನಾಗಿರಲಾರ. ಹತ್ತಿಯ ಅಡತಿ ಅಂಗಡಿಯಲ್ಲಿ ಜೊತೆಗೆ ಚೀಲ ಹೊರುತ್ತಿದ್ದ ಹಮಾಲಿ ಸಾಬನಾಗಿರಬೇಕು ಎಂದು ನನ್ನ ಊಹೆ. ಮೊಹರಮ್ಮಿನಲ್ಲಿ, ನಮ್ಮ ಮಾತಿನಲ್ಲಿ ಅಲಾಯಿ ಹಬ್ಬದಲ್ಲಿ, ಊರೂರಿನಲ್ಲಿ ಹೊರುವ ದೇವರು ಯಾವುದು? ಪಂಜಾ. ಐದು ಬೆರಳಿನ ಲೋಹದ ಕೈ. ಮುದಗಲ್ಲಿನ ಅಲಾಯಿಗೆ ಎಲ್ಲಾ ಜಾತಿಯವರೂ ನಡೆದುಕೊಳ್ಳುತ್ತಾರೆ. ಲೋಹದ ಕೈಗೆ ಎಲ್ಲರೂ ತಲೆಬಾಗುವ ಸೀಮೆಯಲ್ಲಿ ಚರ್ಮದ ಕೈ ಮಾತ್ರ ಮೈಲಿಗೆ. ಹೀಗಿರುವಾಗ ದೇಸಿ ಎಂದರೆ ಯಾರ ದೇಸಿ ಎಂದು ಕೇಳಲೇಬೇಕಾಗುತ್ತದೆ.

2020ರ ಮಾರ್ಚ್‌ನಲ್ಲಿ ಕೋವಿಡ್ ಬಂದಾಗ ಜಗತ್ತೆಲ್ಲ ಕೈಕುಲುಕುವುದನ್ನು ಬಿಟ್ಟಿತು. ಅಮೆರಿಕದ ಅಧ್ಯಕ್ಷ, ಐರ್ಲೆಂಡಿನ ಪ್ರಧಾನಿ, ಫ್ರಾನ್ಸಿನ ಅಧ್ಯಕ್ಷ ಕೈ ಮುಗಿದದ್ದನ್ನು ಟಿವಿಯಲ್ಲಿ ತೋರಿಸಿದರು. ನೋಡಿ, ನಮ್ಮ ಪೂರ್ವಿಕರಿಗೆ ಮೊದಲೇ ಗೊತ್ತಿತ್ತು ಎಂದು ಇಲ್ಲಿ ಹಿಗ್ಗಿದವರೆಷ್ಟೋ ಮಂದಿ. ಗೊತ್ತಿದ್ದದ್ದೇನು? ಒಬ್ಬನನ್ನು ಮುಟ್ಟದೆಯೇ ಗೌರವಿಸುವುದು ಹೇಗೆ ಎಂಬುದು. 'ಸಾಮಾಜಿಕ ಅಂತರ' ಎಂದು ಗೋಡೆಗೋಡೆಯ ಮೇಲೆ ಬರೆದರು. ವಿಶ್ವ ಆರೋಗ್ಯ ಸಂಸ್ಥೆಯವರೇ ಆ ಮಾತು ಸರಿಯಿಲ್ಲವೆಂದು ಬಿಟ್ಟು 'ದೈಹಿಕ ಅಂತರ' ಎನ್ನತೊಡಗಿದರು. ನಮ್ಮಲ್ಲಿ ಅದು ಬಿಡಲಿಲ್ಲ, ಯಾಕೆಂದರೆ ಆ ಮಾತು ನಮ್ಮಲ್ಲಿ ಯಾರಿಗೂ ವಿಚಿತ್ರವಾಗಿ ಕೇಳಿಸಲಿಲ್ಲ. ರೋಗದ ಅಂತರಕ್ಕೆ ಒಂದು ಕೊನೆಯಿತ್ತು.

ನಮಸ್ಕಾರ ಕೆಟ್ಟದ್ದು ಎಂದು ನಾನು ಹೇಳುತ್ತಿಲ್ಲ. ನಮ್ಮವ್ವ ಹೊತ್ತು ಮೂಡಿದಾಗ ಮುಗಿಯುವ ಕೈಯ ಬಗ್ಗೆ ನನಗೆ ತಕರಾರಿಲ್ಲ. ನಮಸ್ಕಾರದಲ್ಲಿ ನನ್ನ ಬಲಗೈ ನನ್ನ ಎಡಗೈಯನ್ನೇ ಮುಟ್ಟುತ್ತದೆ. ನಾನು ನನ್ನೊಳಗೇ ಪೂರ್ಣನಾಗುತ್ತೇನೆ. ಎದುರಿನವನು ಇದ್ದರೂ ನಡೆಯುತ್ತದೆ, ಇಲ್ಲದಿದ್ದರೂ ನಡೆಯುತ್ತದೆ. ಗಾಂಧಿ ಮತ್ತು ಅಂಬೇಡ್ಕರರ ಮುಖಾಮುಖಿಯನ್ನು ಚರ್ಚಿಸುತ್ತ ಡಿ. ಆರ್. ನಾಗರಾಜ್ ಆತ್ಮಶುದ್ಧಿ ಮತ್ತು ಆತ್ಮಗೌರವ ಎಂಬ ಎರಡು ಮಾದರಿಗಳನ್ನು ಎದುರಿಗಿಟ್ಟರು. ಅವನ್ನು ಇಲ್ಲಿ ಸ್ವಲ್ಪ ಸಡಿಲವಾಗಿ ಬಳಸಿಕೊಳ್ಳುವುದಾದರೆ, ಸವರ್ಣೀಯ ದಲಿತನಿಗೆ ಕೈ ಮುಗಿಯುವುದು ಆತ್ಮಶುದ್ಧಿಯ ಹಾವಭಾವ. ಚಾಚಿದ ಕೈಯನ್ನು ಹಿಡಿಯುವಲ್ಲಿ ಎದುರಿನವನ ಆತ್ಮಗೌರವದ ಪ್ರಶ್ನೆಯಿದೆ.

೪

ಈ ಹಿನ್ನೆಲೆಯಲ್ಲಿ ಕನ್ನಡ ಕಥನದ ಕೈಗಳನ್ನು ನೋಡಿದರೆ ಒಂದು ವಿನ್ಯಾಸ ಕಾಣುತ್ತದೆ. 1933ರ 'ಚೋಮನ ದುಡಿ'ಯಲ್ಲಿ ಚೋಮನ ಮಗ ನೀಲ ನೀರಿನಲ್ಲಿ ಮುಳುಗುವಾಗ ದಡದಲ್ಲಿ ಜನರಿದ್ದಾರೆ. ಹೊಲೆಯರ ಹುಡುಗನನ್ನು ಮುಟ್ಟಬೇಕಾದೀತೆಂಬ ಕಾರಣಕ್ಕೆ ಅವನನ್ನು ಮೇಲೆತ್ತುವ ಕೈ ಮುಂದೆ ಬರುವುದಿಲ್ಲ. ಕಾರಂತರು ಅದನ್ನು ಕಂಡು ಬರೆದರು. ಅಷ್ಟರಮಟ್ಟಿಗೆ ಅವರ ಋಣ ನಮ್ಮ ಮೇಲಿದೆ. ಕನ್ನಡ ಕಾದಂಬರಿಯ ದೊಡ್ಡ ಸ್ಪರ್ಶಪ್ರಸಂಗಗಳಲ್ಲಿ ಇದೊಂದು, ಇಲ್ಲಿ ಸ್ಪರ್ಶ ನಡೆಯುವುದೇ ಇಲ್ಲ.

ನವ್ಯದ ಕಾಲಕ್ಕೆ ಸ್ಪರ್ಶ ನಡೆಯುತ್ತದೆ, ಕತ್ತಲಲ್ಲಿ. 1965ರ 'ಸಂಸ್ಕಾರ'ದಲ್ಲಿ ಪ್ರಾಣೇಶಾಚಾರ್ಯರು ಚಂದ್ರಿಯನ್ನು ಮುಟ್ಟುವುದು ರಾತ್ರಿಯ ಕಾಡಿನಲ್ಲಿ. ಶ್ರೀಪತಿ ಹೊಲೆಯರ ಬೆಳ್ಳಿಯನ್ನು ಕೂಡುವುದೂ ಅಗ್ರಹಾರದ ಕಣ್ಣಿನಿಂದ ಆಚೆಗೆ. ಆ ಸ್ಪರ್ಶದಿಂದ ಆಚಾರ್ಯರಿಗೆ ಅಸ್ತಿತ್ವದ ಹೊಸ ಬಾಗಿಲು ತೆರೆಯುತ್ತದೆ, ಶ್ರೀಪತಿಗೆ ಮಡಿಯ ಉಸಿರುಗಟ್ಟುವಿಕೆಯಿಂದ ಬಿಡುಗಡೆ. ಬೆಳ್ಳಿಗೆ ಏನಾಯಿತು? ಅವಳ ಕೇರಿಯ ಗುಡಿಸಲುಗಳಲ್ಲಿ ಪ್ಲೇಗಿನಿಂದ ಜನ ಸಾಯುತ್ತಿದ್ದಾರೆ; ಕಾದಂಬರಿಯ ಕಣ್ಣು ಅಲ್ಲಿ ಹೆಚ್ಚು ಹೊತ್ತು ನಿಲ್ಲುವುದಿಲ್ಲ. ದೇವದಾಸಿ ಪದ್ಧತಿ ಬೇರುಬಿಟ್ಟಿದ್ದ ನಮ್ಮ ಸೀಮೆಯಿಂದ ಇದನ್ನು ಓದುವಾಗ ಮೈ ಬೆಚ್ಚಗಾಗುವುದಿಲ್ಲ, ತಣ್ಣಗಾಗುತ್ತದೆ. 1982ರಲ್ಲಿ ಅದನ್ನು ನಿಷೇಧಿಸುವ ಕಾಯ್ದೆ ತರಬೇಕಾಯಿತು. ನಮ್ಮ ಹೆಣ್ಣುಮಕ್ಕಳ ಮೈ ರಾತ್ರಿ ಎಂದೂ ಮೈಲಿಗೆಯಾಗಿರಲಿಲ್ಲ. ಮೈಲಿಗೆ ಶುರುವಾಗುತ್ತಿದ್ದದ್ದು ಬೆಳಗಾದ ಮೇಲೆ. ಆದ್ದರಿಂದ ಸ್ಪರ್ಶವನ್ನೇ ಬಿಡುಗಡೆ ಎನ್ನುವ ಮೀಮಾಂಸೆಯನ್ನು ದಲಿತ ವಿಮರ್ಶೆ ಒಪ್ಪಲಾರದು. ಯಾವ ಹೊತ್ತಿನಲ್ಲಿ, ಯಾರ ಎದುರು, ಯಾರ ಇಚ್ಛೆಯಿಂದ ಎಂದು ಕೇಳಬೇಕು.

1973ರ 'ಭಾರತೀಪುರ'ದಲ್ಲಿ ಹಗಲಿದೆ. ಇಂಗ್ಲೆಂಡಿನಿಂದ ಬಂದ ಜಗನ್ನಾಥ ಮನೆಯ ಸಾಲಿಗ್ರಾಮವನ್ನು ಹೊರಗೆ ತಂದು ಹೊಲೆಯರ ಮುಂದೆ ಹಿಡಿಯುತ್ತಾನೆ. ಮುಟ್ಟಿ ಅನ್ನುತ್ತಾನೆ. ಅವರು ಹೆದರುತ್ತಾರೆ. ಅವನು ರೇಗುತ್ತಾನೆ. ಕೊನೆಗೆ ಅವರು ಮುಟ್ಟುತ್ತಾರೆ; ಅವನಿಗೆ ಗೆಲುವಾಗುವುದಿಲ್ಲ. ಅನಂತಮೂರ್ತಿಯವರ ಪ್ರಾಮಾಣಿಕತೆ ಇರುವುದು ಆ ಸೋಲನ್ನು ಮುಚ್ಚಿಡದಿರುವುದರಲ್ಲಿ. ಆದರೂ ಒಂದು ಸರಳ ಪ್ರಶ್ನೆ ಉಳಿಯುತ್ತದೆ. ಜಗನ್ನಾಥನಿಗೆ ಹೊಲೆಯರ ಕೈ ಬೇಕಾದದ್ದು ಕಲ್ಲನ್ನು ಮುಟ್ಟಿಸುವುದಕ್ಕೆ. ಆ ಕಲ್ಲನ್ನು ಪಕ್ಕಕ್ಕಿಟ್ಟು, ಪಿಳ್ಳನ ಕೈಯನ್ನು ಸುಮ್ಮನೆ ಸರೀಕನ ಕೈಯಂತೆ ಹಿಡಿದಿದ್ದರೆ ಕಾದಂಬರಿ ಎಲ್ಲಿಗೆ ಹೋಗುತ್ತಿತ್ತು? ದೇವಾಲಯ ಪ್ರವೇಶದ ದಿನ ಮಂಜುನಾಥನ ಮೂರ್ತಿಯನ್ನು ಕಿತ್ತು ಹೊಳೆಗೆ ಹಾಕುವವನೂ ಪೂಜಾರಿಯ ಮಗನೇ. ಪಾಪವೂ ಪ್ರಾಯಶ್ಚಿತ್ತವೂ ಕ್ರಾಂತಿಯೂ ಒಂದೇ ಮನೆಯೊಳಗೆ ನಡೆದುಹೋಗುತ್ತವೆ. ಹೊಲೆಯರ ಕೈ ಸಾಕ್ಷಿಗೆ ಮಾತ್ರ.

ದಲಿತರೇ ಬರೆಯಲು ತೊಡಗಿದ ಮೇಲೆ ಕೈಯ ಆಕಾರ ಬದಲಾಯಿತು. ಸಿದ್ಧಲಿಂಗಯ್ಯನವರ 'ಹೊಲೆಮಾದಿಗರ ಹಾಡು' 1975ರಲ್ಲಿ ಬಂತು. ಬಂಡಾಯದ ಕೈ ಮುಷ್ಟಿಯಾಯಿತು. ಅದು ಬೇಕಿತ್ತು, ಇವತ್ತೂ ಬೇಕು. ಆದರೆ ಮುಷ್ಟಿ ಕಟ್ಟಿದ ಕೈಯನ್ನು ಕುಲುಕಲಾಗುವುದಿಲ್ಲ. ಎಂದಾದರೂ ಬಿಚ್ಚಬೇಕು, ಯಾರ ಎದುರು ಬಿಚ್ಚಬೇಕು ಎಂಬ ಪ್ರಶ್ನೆ ಉಳಿಯಿತು. ಮಾಲಗತ್ತಿಯವರ 'ಗೌರ್ಮೆಂಟ್ ಬ್ರಾಹ್ಮಣ' 1994ರಲ್ಲಿ ಬಂದಾಗ ಅದರಲ್ಲಿ ಎಮ್ಮೆ ಕೋಣಗಳ ಕೂಡುವಿಕೆಗೂ ಜಾತಿ ಇದ್ದದ್ದನ್ನು ಓದಿ ಎಷ್ಟೋ ಜನ ನಕ್ಕರು. ನಮ್ಮ ಕಡೆಯ ಓದುಗರು ನಗಲಿಲ್ಲ. ದೇವನೂರರ 'ಕುಸುಮಬಾಲೆ'ಯಲ್ಲಿ ಚನ್ನನೂ ಕುಸುಮಳೂ ಪರಸ್ಪರ ಇಚ್ಛೆಯಿಂದ ಮುಟ್ಟಿಕೊಂಡವರು. ಅಲ್ಲಿ ಮೊದಲ ಸಲ ಸ್ಪರ್ಶದಲ್ಲಿ ಸಮಾನತೆಯಿದೆ. ಅದಕ್ಕಾಗಿಯೇ ಚನ್ನ ಕೊಲೆಯಾಗುತ್ತಾನೆ. ಕತ್ತಲ ಸ್ಪರ್ಶವನ್ನು ಸಹಿಸಿದ ಊರು ಸರೀಕ ಸ್ಪರ್ಶವನ್ನು ಸಹಿಸುವುದಿಲ್ಲ.

೫

ನಮ್ಮ ಪರಂಪರೆಯಲ್ಲಿ ವಂದನೆಯ ಬಗ್ಗೆ ಇರುವ ದೊಡ್ಡ ಕಥೆ ಹರಳಯ್ಯನದು. ದಾರಿಯಲ್ಲಿ ಎದುರಾದ ಬಸವಣ್ಣನಿಗೆ ಸಮಗಾರ ಹರಳಯ್ಯ 'ಶರಣು' ಎಂದ. ಬಸವಣ್ಣ 'ಶರಣು ಶರಣಾರ್ಥಿ' ಎಂದು ಮರುವಂದನೆ ಮಾಡಿದ. ತಾನು ಕೊಟ್ಟದ್ದಕ್ಕಿಂತ ಒಂದು ಶರಣು ಹೆಚ್ಚು ಬಂತಲ್ಲ ಎಂದು ಹರಳಯ್ಯ ತಳಮಳಿಸಿದ. ಆ ಋಣ ತೀರಿಸಲು ಗಂಡಹೆಂಡತಿ ತಮ್ಮ ತೊಡೆಯ ಚರ್ಮ ಸುಲಿದು ಬಸವಣ್ಣನಿಗೆ ಮೆಟ್ಟು ಹೊಲಿದರು. ಈ ಕಥೆಯನ್ನು ಭಕ್ತಿಯ ಪರಾಕಾಷ್ಠೆಯೆಂದು ನಾವು ಕೇಳುತ್ತ ಬಂದಿದ್ದೇವೆ. ಮಾನ್ವಿ, ಸಿಂಧನೂರಿನ ಕಡೆ ಪುರಾಣ ಹಚ್ಚಿದಾಗ ಈ ಪ್ರಸಂಗಕ್ಕೆ ಹೆಂಗಸರು ಅಳುತ್ತಾರೆ. ನಮ್ಮವ್ವನೂ ಅತ್ತಿದ್ದಾಳೆ.

ನನಗೆ ಅಳು ಬರುವುದು ಬೇರೆ ಕಾರಣಕ್ಕೆ. ಬಸವಣ್ಣನ ಮರುವಂದನೆಯಲ್ಲಿ ಕಪಟವಿರಲಿಲ್ಲ. ಮುಂದೆ ಹರಳಯ್ಯ ಮಧುವರಸರ ಮಕ್ಕಳ ಮದುವೆಗಾಗಿ ಕಲ್ಯಾಣವೇ ಹೊತ್ತಿ ಉರಿಯಿತು. ಆದರೂ ಒಂದು ಶರಣಿಗೆ ಚರ್ಮದ ಬೆಲೆ ಯಾಕೆ? ಸಮಗಾರನಿಗೆ ಯಾರೂ ಮರುವಂದನೆ ಮಾಡದ ಲೋಕದಲ್ಲಿ ಒಬ್ಬನು ಮಾಡಿದರೆ ಅದು ದಾನದ ಹಾಗೆ ಭಾರವಾಗುತ್ತದೆ. ವಂದನೆಯೇ ಸಾಲವಾಗುತ್ತದೆ. ಬಡ್ಡಿಯನ್ನು ಕೆಳಗಿನವನು ಮೈಯಿಂದ ತೀರಿಸಬೇಕು. ಇವತ್ತೂ ದಲಿತ ನೌಕರ, ದಲಿತ ವಿದ್ಯಾರ್ಥಿ, 'ಅವ್ರು ನಮ್ಮನ್ನ ಬಾಳ ಚಲೋ ನೋಡಿಕೊಳ್ತಾರ್ರೀ' ಎಂದು ಕೃತಜ್ಞತೆಯಿಂದ ಬಾಗುವಾಗ ನನಗೆ ಹರಳಯ್ಯನ ತೊಡೆ ನೆನಪಾಗುತ್ತದೆ. ಶೇಕ್‌ಹ್ಯಾಂಡಿನ ವಿಶೇಷ ಇಲ್ಲಿದೆ. ಅದರಲ್ಲಿ ಮುಂಚೆ ಕೊಟ್ಟವನು ಆಮೇಲೆ ಹಿಂತಿರುಗಿಸಿದವನು ಎಂದಿಲ್ಲ. ಇಬ್ಬರೂ ಒಂದೇ ಗಳಿಗೆಯಲ್ಲಿ ಕೊಡುತ್ತಾರೆ, ಪಡೆಯುತ್ತಾರೆ, ಬಿಡುತ್ತಾರೆ. ಲೆಕ್ಕ ಅಲ್ಲಿಗೇ ಚುಕ್ತಾ.

ಸುಂದರ್ ಸಾರುಕ್ಕೈ ಅವರು ಗೋಪಾಲ್ ಗುರು ಅವರ ಜೊತೆ ಸೇರಿ 2012ರಲ್ಲಿ ತಂದ ಪುಸ್ತಕದಲ್ಲಿ ಅಸ್ಪೃಶ್ಯತೆಯನ್ನು ಸ್ಪರ್ಶದ ತತ್ವಶಾಸ್ತ್ರದಿಂದ ಪರಿಶೀಲಿಸಿದ್ದಾರೆ. ಮುಟ್ಟುವುದೆಂದರೆ ಮುಟ್ಟಿಸಿಕೊಳ್ಳುವುದೂ ಹೌದು ಎಂಬುದು ಅಲ್ಲಿಯ ಮುಖ್ಯ ಎಳೆ. ನೋಡುವವನು ನೋಡಿಸಿಕೊಳ್ಳದೆ ಇರಬಹುದು. ಮುಟ್ಟುವವನು ಮುಟ್ಟಿಸಿಕೊಳ್ಳದೆ ಇರಲಾರ. ಸ್ಟಾಫ್ ರೂಮಿನ ಆ ಹಿರಿಯರಿಗೆ ತತ್ವಶಾಸ್ತ್ರ ಓದದೆಯೂ ಇದು ಗೊತ್ತಿತ್ತು. 1917ರಲ್ಲಿ ಬರೋಡದ ಕಚೇರಿಯ ಜವಾನರಿಗೂ ಗೊತ್ತಿತ್ತು. ಕೊಲಂಬಿಯಾದಲ್ಲಿ ಓದಿ ಬಂದ ಅಂಬೇಡ್ಕರರ ಮೇಜಿನ ಮೇಲೆ ಅವರು ಕಡತಗಳನ್ನು ದೂರದಿಂದ ಎಸೆಯುತ್ತಿದ್ದರೆಂದು ಜೀವನಚರಿತ್ರಕಾರರು ಬರೆದಿದ್ದಾರೆ. ಪರದೇಶದಲ್ಲಿ ಕಳೆದ ವರ್ಷಗಳು ತಾನು ಅಸ್ಪೃಶ್ಯನೆಂಬ ಅರಿವನ್ನೇ ಅಳಿಸಿಹಾಕಿದ್ದವು ಎಂದು ಬಾಬಾಸಾಹೇಬರು ತಮ್ಮ ಆತ್ಮಕಥನದ ಟಿಪ್ಪಣಿಗಳಲ್ಲಿ ಹೇಳಿಕೊಂಡಿದ್ದಾರೆ. ಎಸೆದ ಕಡತ ಅದನ್ನು ಮತ್ತೆ ನೆನಪಿಸಿತು.

೬

ಇಷ್ಟು ಹೇಳಿ ಶೇಕ್‌ಹ್ಯಾಂಡನ್ನು ಹಾಡಿ ಹೊಗಳಿ ಮುಗಿಸಿದರೆ ಅದೂ ಒಂದು ಕೈಚಳಕವೇ ಆದೀತು. ನಮ್ಮಪ್ಪ ಒಮ್ಮೆ ಸಾಲಕ್ಕೆಂದು ಬ್ಯಾಂಕೊಂದಕ್ಕೆ ಹೋದ. ಮ್ಯಾನೇಜರು ಎದ್ದು ನಿಂತು ಕೈ ಕೊಟ್ಟು ಕುರ್ಚಿ ತೋರಿಸಿದರು. ಅಪ್ಪ ಮನೆಗೆ ಬಂದು ಮೂರು ದಿನ ಅದನ್ನೇ ಹೇಳಿದ. 'ಕೈ ಕೊಟ್ನಪಾ ಸಾಹೇಬ, ಮೆತ್ತನ ಕೈ' ಎಂದು ತನ್ನ ಅಂಗೈ ನೋಡಿಕೊಳ್ಳುತ್ತಿದ್ದ. ನಾಲ್ಕನೆಯ ದಿನ ಅವ್ವ ಕೇಳಿದಳು, 'ಸಾಲ ಕೊಟ್ನಾ?' ಕೊಟ್ಟಿರಲಿಲ್ಲ. ಹೊಲದ ಪಹಣಿ ನಮ್ಮ ಹೆಸರಿನಲ್ಲಿರಲಿಲ್ಲ. 2002ರ ನಂಜುಂಡಪ್ಪ ವರದಿಯ ಅತಿ ಹಿಂದುಳಿದ ತಾಲ್ಲೂಕುಗಳ ಪಟ್ಟಿಯಲ್ಲಿರುವ ದೇವದುರ್ಗದಲ್ಲಿ ಎಷ್ಟು ಜನ ದಲಿತರಿಗೆ ಪಹಣಿ ಇದೆ ಎಂದು ಕೇಳದೆ ಕೈಕುಲುಕುವ ಮಾತಾಡುವುದು ಅರ್ಧ ಮಾತು. ಚುನಾವಣೆ ಬಂದಾಗ ಎಲ್ಲಾ ಪಕ್ಷದವರೂ ಕೇರಿಗೆ ಬಂದು ಕೈ ಕೊಡುತ್ತಾರೆ. ಆಮೇಲೆ ಕೈ ಕೊಡುವುದರ ಎರಡನೆಯ ಅರ್ಥ ನಮಗೆ ತಿಳಿಯುತ್ತದೆ.

ಮರಕುಂಬಿ 1997ರವರೆಗೆ ನಮ್ಮ ಜಿಲ್ಲೆಯಲ್ಲೇ ಇದ್ದ ಕೊಪ್ಪಳ ಸೀಮೆಯ ಊರು. ಕ್ಷೌರದಂಗಡಿಗೆ, ಹೋಟೆಲಿಗೆ ದಲಿತರಿಗೆ ಪ್ರವೇಶವಿಲ್ಲದ ತಕರಾರು ಬೆಳೆದು 2014ರ ಆಗಸ್ಟ್‌ನಲ್ಲಿ ಅಲ್ಲಿ ಗುಡಿಸಲುಗಳಿಗೆ ಬೆಂಕಿ ಬಿತ್ತು. 2024ರ ಅಕ್ಟೋಬರಿನಲ್ಲಿ ಕೊಪ್ಪಳದ ನ್ಯಾಯಾಲಯ 98 ಮಂದಿಗೆ ಜೀವಾವಧಿ ಶಿಕ್ಷೆ ಕೊಟ್ಟಿತು; ಆಮೇಲೆ ಪ್ರಕರಣ ಮೇಲ್ಮನವಿ, ಜಾಮೀನುಗಳ ದಾರಿ ಹಿಡಿಯಿತು. ಕ್ಷೌರಿಕನ ಕೈ ದಲಿತನ ತಲೆಯನ್ನು ಮುಟ್ಟಬೇಕೆಂದು ಕೇಳಿದ್ದಕ್ಕೆ ಒಂದು ಕೇರಿ ಸುಟ್ಟಿತು. ಹಾವಭಾವಗಳು ಸಣ್ಣ ಸಂಗತಿ ಎನ್ನುವವರು ಇದನ್ನು ನೆನಪಿಡಬೇಕು.

ಹೆಣ್ಣುಮಕ್ಕಳ ಪ್ರಶ್ನೆ ಇನ್ನೂ ಬಾಕಿ ಇದೆ. ನಾನು ಹೊಗಳುತ್ತಿರುವ ಈ ಸರೀಕ ವಂದನೆ ಬಹುಮಟ್ಟಿಗೆ ಗಂಡಸರ ನಡುವಿನದು. ನನ್ನ ಕ್ಲಾಸಿನ ಹುಡುಗಿಯರು ಬಹುಮಾನ ತೆಗೆದುಕೊಳ್ಳುವಾಗ ಕೈ ಮುಗಿಯುತ್ತಾರೆ. ಅವರಿಗೆ ನಮಸ್ಕಾರದ ಅಂತರ ಒಂದು ರಕ್ಷಣೆ. ಕತ್ತಲ ಸ್ಪರ್ಶದ ಸ್ಮೃತಿಯಿರುವ ಕೇರಿಯಿಂದ ಬಂದವಳು ಮುಟ್ಟದಿರುವುದನ್ನೇ ಗೌರವ ಎಂದು ತಿಳಿದರೆ ಅವಳಿಗೆ ನಾನು ಪಾಠ ಹೇಳಲಾರೆ. ಇದನ್ನು ದಲಿತ ಮಹಿಳೆಯರೇ ಬರೆಯಬೇಕು.

ಕೊನೆಯದು ನನ್ನದೇ ಕೈಯ ಮಾತು. ನಾನು ಛಲವಾದಿ ಕೇರಿಯವನು. ನಮ್ಮ ಕೇರಿಗೂ ಮಾದಿಗರ ಕೇರಿಗೂ ನಡುವೆ ಒಂದು ಹಳ್ಳ. ನಮ್ಮ ಅಜ್ಜಿ ಆ ಕಡೆಯವರ ಕೊಡದ ನೀರು ಕುಡಿಯಲಿಲ್ಲ, ಕುಡಿಯದೆಯೇ ಸತ್ತಳು. ಒಳಮೀಸಲಾತಿ ಕೊಡಬಹುದೆಂದು 2024ರ ಆಗಸ್ಟ್ 1ರಂದು ಸುಪ್ರೀಂ ಕೋರ್ಟು ತೀರ್ಪು ಕೊಟ್ಟಾಗ ನಮ್ಮ ಓದಿದ ಹುಡುಗರೇ ಹೇಗೆ ಮಾತಾಡಿದರು ಎಂಬುದನ್ನು ನಾನು ಕೇಳಿದ್ದೇನೆ. ಸ್ಟಾಫ್ ರೂಮಿನ ಆ ಪ್ರಸಂಗ ನಡೆದು ತಿಂಗಳಾಗಿರಬೇಕು, ಆ ಕೇರಿಯ ಹುಡುಗನೊಬ್ಬ ಪದವಿಗೆ ಸೇರಿ ನನ್ನ ಹತ್ತಿರ ಸಹಿಗೆ ಬಂದ. 'ಗುರ್ತು ಸಿಗಲಿಲ್ಲೇನ್ರೀ ಸರ, ನಾ ನಿಮ್ಮೂರಾಂವ' ಎಂದು ಕೈ ಚಾಚಿದ. ನನ್ನ ಎರಡೂ ಕೈ ತಾವಾಗಿಯೇ ಒಂದಕ್ಕೊಂದು ಹತ್ತಿರ ಬಂದವು. ಎದೆಯ ಮಟ್ಟಕ್ಕೆ ಬಂದಾಗ ನೋಡಿಕೊಂಡೆ. ಆ ಹುಡುಗನೂ ನೋಡಿದ. ಅವನ ಕೈ ಅಂಗಿಯ ಗುಂಡಿಯ ಕಡೆ ಹೊರಟಿತ್ತು.

ಹಿಡಿದೆ. ತಡವಾಗಿ ಹಿಡಿದೆ ಎಂಬುದು ಇಬ್ಬರಿಗೂ ಗೊತ್ತಿತ್ತು. ಆ ತಡದಲ್ಲಿ ಎಷ್ಟು ನೂರು ವರ್ಷ ಇದ್ದವೋ, ಅವನ್ನು ನಾನು ಬರೀ ಸ್ಟಾಫ್ ರೂಮಿನ ಹಿರಿಯರ ಲೆಕ್ಕಕ್ಕೆ ಬರೆದು ಕೈ ತೊಳೆದುಕೊಳ್ಳಲಾರೆ.